ಟೈಪಿಂಗ್ ಮೇಷ್ಟ್ರು ಇಟ್ಟ ಎಡೆ

ಆ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ದೇವನಹಳ್ಳಿಯ ಅವರ ಮನೆಯ ನಡುಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಟೈಪಿಂಗ್ ಮೇಷ್ಟ್ರು, ಹೊಸಕೋಟೆಯಿಂದ ಬಂದಿದ್ದ ಅವರ ಮಗಳು, ನಲ್ಲೂರಿನಿಂದ ಬಂದಿದ್ದ ಅವರ ನಾದಿನಿ, ಪಕ್ಕದ ಮನೆಯವನಾದ ನಾನು. ಗೋಡೆಗೆ ಒರಗಿಸಿಟ್ಟ ಫೋಟೋದಲ್ಲಿ ಮೇಷ್ಟ್ರ ಹೆಂಡತಿ ಇದ್ದರು. ಅವರು ತೀರಿಕೊಂಡು ಅದು ಮೂರನೆಯ ವರ್ಷ.

ಫೋಟೋದ ಮುಂದೆ ಹೊಸ ಸೀರೆ ಮಡಿಸಿಟ್ಟು, ಬಾಳೆಲೆ ಹಾಕಿ, ಕಜ್ಜಾಯ, ವಡೆ, ಪಾಯಸ, ಅನ್ನ, ಹುಳಿ ಎಲ್ಲ ಬಡಿಸಿಯಾಗಿತ್ತು. ಹೋದವರಿಗೆ ಪ್ರಾಣ ಅನ್ನುವಷ್ಟು ಇಷ್ಟವಾಗಿದ್ದ ತಿನಿಸು ಒಂದಾದರೂ ಎಡೆಯಲ್ಲಿ ಇರಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಮೇಷ್ಟ್ರು ಅಡುಗೆಮನೆಗೆ ಹೋಗಿ, ತಾವೇ ಬೆಳಿಗ್ಗೆ ಎದ್ದು ಮಾಡಿದ್ದೆಂದು ಹೇಳುತ್ತಾ ಒಂದು ಸ್ಟೀಲ್ ಬಟ್ಟಲು ತಂದರು. ಅದರಲ್ಲಿ ಕ್ಯಾರೆಟ್ ಹಲ್ವ ಇತ್ತು. ಮೇಲೆ ಗೋಡಂಬಿ ಕೂಡ ಹಾಕಿದ್ದರು.

"ಇದ್ಯಾರಿಗೆ ಭಾವ?" ಎಂದರು ನಾದಿನಿ.

"ಇನ್ಯಾರಿಗೆ? ನಿಮ್ಮಕ್ಕಂಗೆ."

"ನಮ್ಮಕ್ಕಂಗಾ?"

ಮೇಷ್ಟ್ರು ಬಟ್ಟಲು ಹಿಡಿದುಕೊಂಡು ಹಾಗೇ ನಿಂತರು. ಅವರು ಯಾಕೆ ಹಾಗೆ ನಿಂತರೆಂಬುದು ತಿಳಿಯಬೇಕಾದರೆ ಅವರು ಎಂಥ ಮನುಷ್ಯ ಅನ್ನುವುದನ್ನು ಸ್ವಲ್ಪ ಹೇಳಬೇಕು.

ನಾನು ಅವರ ಶಿಷ್ಯ. ಕೋಟೆ ಬಾಗಿಲಿನ ಕಡೆಯ ರಸ್ತೆಯಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹೆಂಚಿನ ಮನೆ, ಒಳಗೆ ಸಾಲಾಗಿ ಯಂತ್ರಗಳು, ಹಿತ್ತಿಲಲ್ಲಿ ಒಂದು ಚಕ್ಕೋತದ ಮರ. ನಮ್ಮ ಕೈಗಳ ಮೇಲೆ ಒಂದೊಂದು ಟವೆಲ್ಲು ಹೊದಿಸಿ ಟೈಪ್ ಮಾಡಿಸುತ್ತಿದ್ದರು, ಕೀಲಿಗಳ ಕಡೆ ಕಣ್ಣು ಹೋಗಬಾರದೆಂದು. "ಕೈಗೆ ಕಣ್ಣಿದೆ ಕಣ್ರಯ್ಯ, ನೀವು ನಂಬ್ತಿಲ್ಲ ಅಷ್ಟೇ" ಅನ್ನುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಹಾಳೆಯನ್ನು ಯಂತ್ರದಿಂದ ಎಳೆದು, ನಮ್ಮ ಮುಂದೆಯೇ ನಾಲ್ಕಾಗಿ ಹರಿದು, ಇನ್ನೊಂದು ಬಿಳಿ ಹಾಳೆಯನ್ನು ಮರ್ಯಾದೆಯಿಂದ ಕೈಗೆ ಕೊಡುತ್ತಿದ್ದರು. ಬೈಗುಳ ಇಲ್ಲ, ಏಟಿಲ್ಲ. ಆ ಮರ್ಯಾದೆಗೇ ನಮಗೆ ಅಳು ಬರುತ್ತಿತ್ತು.

ಅವರ ಬೆರಳುಗಳು ಸುಮ್ಮನೆ ಇದ್ದದ್ದನ್ನು ಆ ಅಮಾವಾಸ್ಯೆಯವರೆಗೆ ನಾನು ನೋಡಿರಲಿಲ್ಲ. ಎದುರಿಗಿದ್ದವರು ಮಾತಾಡುತ್ತಿದ್ದರೆ ಆ ಮಾತನ್ನೆಲ್ಲ ತಮ್ಮ ತೊಡೆಯ ಮೇಲೆ ಟೈಪ್ ಮಾಡಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಕಂಬಿಯ ಮೇಲೆ ಟಕಟಕ. ತಮ್ಮ ಮದುವೆಯ ಮಂಟಪದಲ್ಲೂ ಪುರೋಹಿತರ ಮಂತ್ರವನ್ನು ಬೆರಳಲ್ಲೇ ಹೊಡೆಯುತ್ತಿದ್ದರಂತೆ. ಅದನ್ನು ಹೇಳುತ್ತಿದ್ದವರು ಅವರ ಹೆಂಡತಿಯೇ, ನಮಗೆಲ್ಲ ಅಮ್ಮಾವ್ರು. "ನನ್ನ ಕೈ ಹಿಡ್ಕೊಂಡಾಗ್ಲೂ ಅಂಗೈ ಮೇಲೆ ಅದೇನೋ ಕುಟ್ಟಿದ್ರಪ್ಪ. ಹೆದರ್ಕೊಂಡಿದಾರೆ ಅನ್ಕೊಂಡೆ. ಆಮೇಲ್ ಗೊತ್ತಾಯ್ತು, ಕಾಯಿಲೆ ಅಂತ."

ವಿಮಾನ ನಿಲ್ದಾಣ ಬಂತು. ಬರುವುದಕ್ಕೆ ಮೊದಲೇ ಅದರ ಗಾಳಿ ಬಂದಿತ್ತು. ರಸ್ತೆ ಅಗಲವಾಗುವಾಗ ಇನ್‌ಸ್ಟಿಟ್ಯೂಟಿನ ಅರ್ಧ ಹೋಯಿತು, ಹಿತ್ತಿಲ ಚಕ್ಕೋತವೂ ಹೋಯಿತು. ಟೈಪಿಂಗಿಗೆ ಬರುವವರು ನಿಂತು ಎಷ್ಟೋ ಕಾಲವಾಗಿತ್ತು. ಊರಿನಲ್ಲಿ ಕೈಕಾಲು ನೆಟ್ಟಗಿದ್ದ ಗಂಡಸರೆಲ್ಲ ಒಂದಲ್ಲ ಒಂದು ಬಗೆಯ ಜಮೀನು ದಲ್ಲಾಳಿಗಳಾಗಿದ್ದರು. ಮೇಷ್ಟ್ರು ಕೂಡ ದಲ್ಲಾಳಿಯೇ ಆದರು, ಆದರೆ ಜಮೀನಿನದಲ್ಲ.

ಬೆಂಗಳೂರಿನಲ್ಲಿ ಯಾವುದೋ ಹೋಟೆಲಿನ ಸಭಾಂಗಣದಲ್ಲಿ, ಮನೆಯಲ್ಲೇ ಕೂತು ಸಂಪಾದನೆ ಮಾಡುವುದು ಹೇಗೆಂದು ಯಾರೋ ಒಂದು ದಿನದ ಪಾಠ ಹೇಳಿದ್ದರಂತೆ. ಅದಕ್ಕೆ ಹೋಗಿ ಬಂದ ಮೇಷ್ಟ್ರು ನನ್ನನ್ನು ಕೂರಿಸಿಕೊಂಡು ವಿವರಿಸಿದರು.

"ನೋಡಪ್ಪಾ, ಅಮೆರಿಕದಲ್ಲಿ ಒಬ್ಬ ನಾಯಿಗೆ ಹಾಸಿಗೆ ತಗೋಬೇಕು ಅಂತಾನೆ. ಯಾವ ಹಾಸಿಗೆ ಒಳ್ಳೇದು ಅಂತ ಕಂಪ್ಯೂಟರಲ್ಲಿ ಕೇಳ್ತಾನೆ. ಅಲ್ಲಿ ನಮ್ಮ ಬ್ಲಾಗು ಸಿಗುತ್ತೆ. ನಾಯಿ ಹಾಸಿಗೆ ಬಗ್ಗೆ ಬಿಟ್ರೆ ಅದರಲ್ಲಿ ಬೇರೆ ಮಾತೇ ಇಲ್ಲ. ಓದ್ತಾನೆ, ಕೆಳಗಡೆ ಅಂಗಡಿ ಲಿಂಕ್ ಇರುತ್ತೆ, ಒತ್ತುತಾನೆ, ಕೊಂಡ್ಕೋತಾನೆ. ಅಂಗಡಿಯವನು ನನಗೆ ಕಮಿಷನ್ ಹಾಕ್ತಾನೆ. ಆಯ್ತು."

"ನಾಯಿ ಹಾಸಿಗೆ ಬಗ್ಗೆ ನೀವೇನು ಬರೀತೀರ ಮೇಷ್ಟ್ರೇ?"

"ನಾನೆಲ್ಲಿ ಬರೀತೀನಿ? ಅದೇ ಬರ್ಕೊಳುತ್ತೆ. ಒಂದು ಸಾಫ್ಟ್‌ವೇರ್ ಇದೆ. ಅವರಿವರು ಬರ್ದಿದ್ದನ್ನ ಎತ್ಕೊಂಡ್ ಬಂದು, ಪದ ಅದ್ಲು ಬದ್ಲು ಮಾಡಿ, ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹಾಕುತ್ತೆ. ಒಂದ್ಸಲ ಕೀಲಿ ಕೊಟ್ರೆ ಮುಗೀತು."

ನಾಯಿ ಹಾಸಿಗೆ, ಮೀನು ಹಿಡಿಯುವ ಕೋಲು, ಅಂಗಳದ ಹಿಮ ಎತ್ತುವ ಸಲಿಕೆ, ಹೀಗೆ ಒಂದೊಂದಕ್ಕೆ ಒಂದೊಂದು ಬ್ಲಾಗು. "ಹಿಮ ನೋಡಿದೀರಾ ಮೇಷ್ಟ್ರೇ?" ಎಂದು ಕೇಳಿದ್ದಕ್ಕೆ, "ನೋಡ್ದೆ ಏನಪ್ಪಾ, ಫ್ರಿಡ್ಜ್ ಬಾಗ್ಲು ತೆಗೆದ್ರೆ ಮೇಲ್ಗಡೆ ಇರುತ್ತಲ್ಲ" ಎಂದರು. ಒಂದು ಅಕ್ಷರಕ್ಕೆ ಹಾಳೆ ಹರಿಯುತ್ತಿದ್ದ ಮನುಷ್ಯ, ತಾವು ಓದದೇ ಇದ್ದ ಪುಟಗಳನ್ನು ದಿನವೂ ಪ್ರಪಂಚಕ್ಕೆ ಬಿಡುತ್ತಿದ್ದಾರಲ್ಲ ಎಂದು ನನಗೆ ಕಸಿವಿಸಿ. ಒಂದು ಸಲ ಕೇಳಿಯೇ ಬಿಟ್ಟೆ, ಇದೆಲ್ಲ ಸುಳ್ಳಲ್ಲವೇ ಎಂದು. ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್.

"ನೀನು ದಿನಾ ಟೈಪ್ ಹೊಡೀತೀಯಲ್ಲ, 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಅಂತ. ಯಾರು ತಿಳಿಯಪಡಿಸ್ತಿರೋದು? ನೀನಾ?"

ಮಾರನೆಯ ದಿನ ಕಚೇರಿಗೆ ಹೋಗಿ ಅದೇ ಸಾಲನ್ನು ಹೊಡೆದೆ.

ಕೆಲವು ಕಾಲ ನಡೆಯಿತು. ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಕಂಪನಿಯವರು ಏನೋ ನಿಯಮ ಬದಲಾಯಿಸಿದರಂತೆ. ನಾಯಿ ಹಾಸಿಗೆ, ಮೀನು, ಹಿಮ ಎಲ್ಲ ಒಂದೊಂದಾಗಿ ಮುಳುಗಿದವು. ಉಳಿದದ್ದು ಒಂದೇ, ಅಡುಗೆಮನೆ ಸಾಮಾನಿನ ಬ್ಲಾಗು. ಅದು ಉಳಿದದ್ದಕ್ಕೆ ಮೇಷ್ಟ್ರು ಹೇಳುತ್ತಿದ್ದ ಕಾರಣ, ಅದಕ್ಕೊಂದು ಮುಖವಿತ್ತು ಎಂದು. ಯಾರು ಬರೆಯುತ್ತಿದ್ದಾರೆ ಅನ್ನುವುದು ಕಾಣಬೇಕು, ಆಗಲೇ ಜನ ನಂಬುವುದು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದಾಗ ಅಳಿಯ ತೆಗೆದಿದ್ದ ಗಂಡ ಹೆಂಡಿರ ಫೋಟೋ ಇತ್ತು. ಅದರಿಂದ ತಮ್ಮನ್ನು ಕತ್ತರಿಸಿ ತೆಗೆದು, ಹೆಂಡತಿಯನ್ನು ಮಾತ್ರ ಹಾಕಿದರು. ಎಷ್ಟು ಕತ್ತರಿಸಿದರೂ ಅಮ್ಮಾವ್ರ ಭುಜದ ಪಕ್ಕ ಮೇಷ್ಟ್ರ ಬಿಳಿ ಅಂಗಿಯ ತೋಳು ಒಂದಿಷ್ಟು ಉಳಿದುಕೊಂಡಿತು. ಹೆಸರು ಮಾತ್ರ ಬೇರೆ ಇಟ್ಟರು, ಹೊರಗಿನವರ ಬಾಯಿಗೆ ಸಲೀಸಾಗಿ ಬರುವಂಥದು. ಹೀಗೆ, ಇಂಗ್ಲಿಷಿನ ಎ ಬಿ ಸಿ ಬಾರದ ಅಮ್ಮಾವ್ರು ದಿನವೂ ಇಂಗ್ಲಿಷಿನಲ್ಲಿ ಬರೆಯತೊಡಗಿದರು.

ಸಾಯಂಕಾಲ ಅವರ ಮನೆಯ ಜಗಲಿಯಲ್ಲಿ ಅದೊಂದು ತಮಾಷೆ. ಅಮ್ಮಾವ್ರು ಒಂದು ಚಕ್ಕೋತ ಬಿಡಿಸುತ್ತಾ ಕೂತಿರುತ್ತಿದ್ದರು. ಮರ ಹೋದ ಮೇಲೆ ಮೇಷ್ಟ್ರೇ ಸಂತೆಯಲ್ಲಿ ಹುಡುಕಿ ತರುತ್ತಿದ್ದರು. ತೊಳೆಯ ಮೇಲೆ ಉಪ್ಪು, ಖಾರದ ಪುಡಿ. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು:

"ರೀ, ಇವತ್ತು ನಾನೇನು ಬರ್ದೆ?"

"ಸ್ಟೀಲ್ ಕುಕ್ಕರ್ ಒಳ್ಳೇದಾ ಅಲ್ಯೂಮಿನಿಯಂ ಒಳ್ಳೇದಾ ಅಂತ ಬರ್ದಿದೀಯ."

"ಯಾವ್ದು ಒಳ್ಳೇದಂತೆ?"

"ಸ್ಟೀಲು."

"ಮತ್ತೆ ನನಗ್ಯಾಕೆ ಅಲ್ಯೂಮಿನಿಯಂ ತಂದ್ಕೊಟ್ಟಿದೀರ? ಅದರ ಸೀಟಿ ಬೇರೆ ಕೂಗಲ್ಲ. ಊರೋರಿಗೆಲ್ಲ ಬುದ್ಧಿ ಹೇಳ್ತೀನಿ, ನನ್ನ ಮನೇಲಿ ನೋಡಿದ್ರೆ ಬೇಳೆ ಬೇಯಲ್ಲ."

ಮೇಷ್ಟ್ರು ನಗುತ್ತಿದ್ದರು. ಅವರ ಬೆರಳು ತೊಡೆಯ ಮೇಲೆ ಅಮ್ಮಾವ್ರ ಮಾತನ್ನು ಟೈಪ್ ಮಾಡುತ್ತಿತ್ತು.

ಅಮ್ಮಾವ್ರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಿಡ್ನಿಗೆ ಇಳಿಯಿತು. ಬೆಂಗಳೂರಿನ ಆಸ್ಪತ್ರೆಗೆ ಓಡಾಟ, ಡಯಾಲಿಸಿಸ್. ಆ ಓಡಾಟದಲ್ಲಿ ಬ್ಲಾಗಿನ ಕಡೆ ಯಾರೂ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಅವರ ಜೊತೆಗಿದ್ದೆ. ಡಾಕ್ಟರು ಹೊರಗೆ ಬಂದು ಹೇಳಬೇಕಾದ್ದನ್ನು ಹೇಳಿ ಹೋದರು. ಮೇಷ್ಟ್ರು ಬೆಂಚಿನ ಮೇಲೆ ಕೂತರು. ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಯಾವುದೋ ಅಭ್ಯಾಸಬಲದಿಂದ ತೆಗೆದು ನೋಡಿದರು. ಅಮ್ಮಾವ್ರ ಮುಖ, ಕೆಳಗೆ ಆ ದಿನದ ಬರಹ. ಶುಭೋದಯ ಗೆಳತಿಯರೇ, ಇವತ್ತು ಮೆತ್ತಗಿನ ಇಡ್ಲಿಗೆ ಯಾವ ಪಾತ್ರೆ ಸೂಕ್ತ ಎಂದು ನೋಡೋಣ ಬನ್ನಿ, ಎಂದಿತ್ತು.

ಅವರು ಫೋನನ್ನು ಜೇಬಿಗೆ ಹಾಕಲಿಲ್ಲ, ನೆಲಕ್ಕೂ ಎಸೆಯಲಿಲ್ಲ. ಪೂರ್ತಿ ಓದಿದರು. ತಮ್ಮ ಬ್ಲಾಗಿನ ಒಂದು ಬರಹವನ್ನು ಮೊದಲಿಂದ ಕೊನೆಯವರೆಗೆ ಅವರು ಓದಿದ್ದು ಅದೇ ಮೊದಲಿರಬೇಕು.

ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಕೇಳಿಕೊಂಡಳು. "ಅಪ್ಪಾ, ಅದನ್ನ ನಿಲ್ಲಿಸಿಬಿಡಿ. ಅಮ್ಮ ಇಲ್ಲ, ಅದು ಮಾತಾಡ್ತಾನೇ ಇದೆ. ನೋಡಿದ್ರೆ ಮೈ ಜುಮ್ ಅನ್ನುತ್ತೆ."

"ಇರ್ಲಿ ಬಿಡಮ್ಮ. ಬೆಳಿಗ್ಗೆ ಎದ್ರೆ ಏನೋ ಒಂದು ಹೇಳಿರ್ತಾಳೆ."

ಆಮೇಲೆ ಕಂಪ್ಯೂಟರಿನೊಳಗೇ ಬರೆಯುವ ಹೊಸ ಬಗೆಯ ಯಂತ್ರ ಬಂತು, ಎಐ ಅನ್ನುತ್ತಾರಲ್ಲ ಅದು. ಇದು ಅವರಿವರ ಬರಹ ಎತ್ತುವುದಿಲ್ಲ, ನೀನು ಇಂಥವಳು ಎಂದು ಹೇಳಿಕೊಟ್ಟರೆ ಅಂಥವಳಾಗಿಯೇ ಬರೆಯುತ್ತದೆ. ಮೇಷ್ಟ್ರು ಹೇಳಿಕೊಟ್ಟರು. ವಯಸ್ಸು ಇಷ್ಟು, ಊರು ವಿಮಾನ ನಿಲ್ದಾಣದ ಹತ್ತಿರ, ಒಬ್ಬಳು ಮಗಳು, ಗಂಡ ನಿವೃತ್ತ. ಅಷ್ಟೇ ಸಾಕಾಯಿತು. ಅಮ್ಮಾವ್ರು ಬರಿಯ ಕುಕ್ಕರಿನ ಮಾತು ಬಿಟ್ಟು ಮನೆಯ ಮಾತು ಶುರುಮಾಡಿದರು. ನಿನ್ನೆ ಮಗಳು ಬಂದಿದ್ದಳು, ಒಟ್ಟಿಗೆ ಕೂತು ಹಪ್ಪಳ ಒತ್ತಿದೆವು. ನನ್ನ ಗಂಡನಿಗೆ ಬೆಳಗಿನ ಕಾಫಿ ಬಿಸಿಯಾಗಿರಬೇಕು. ನಮ್ಮಿಬ್ಬರಿಗೂ ಕ್ಯಾರೆಟ್ ಹಲ್ವ ಅಂದರೆ ಪ್ರಾಣ. ಅದಕ್ಕೆ ಕ್ಯಾರೆಟ್ ತುರಿಯಲು ಒಂದು ಒಳ್ಳೆಯ ತುರಿಮಣೆ ಬೇಕು, ಅದರ ಲಿಂಕ್ ಕೆಳಗಿದೆ.

ನಾನು ಬೆಳಿಗ್ಗೆ ಹಾಲು ತರಲು ಹೋಗುವಾಗ ಕಿಟಕಿಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು, ಆ ಬರಹವನ್ನು ಕನ್ನಡ ಮಾಡಿಕೊಂಡು ಜೋರಾಗಿ ಓದುತ್ತಿದ್ದರು, ಹಿಂದೆ ಜಗಲಿಯಲ್ಲಿ ಹೆಂಡತಿಗೆ ಹೇಳುತ್ತಿದ್ದ ಹಾಗೆಯೇ. ಆದರೆ ಈಗ ಎದುರಿಗೆ ಕೂತು ಕೇಳುವವರಿಲ್ಲ. ಕಮಿಷನ್ನು ಬರುತ್ತಿತ್ತೋ ಇಲ್ಲವೋ, ಅವರು ಆ ಮಾತೇ ಎತ್ತುತ್ತಿರಲಿಲ್ಲ. ದೂರದೂರದ ಹೆಂಗಸರು ಬರಹದ ಕೆಳಗೆ, ನಿಮ್ಮ ಮಾತು ಓದಿದರೆ ನಮ್ಮ ತಾಯಿಯ ನೆನಪಾಗುತ್ತದೆ ಎಂದು ಬರೆದರೆ, ಅಮ್ಮಾವ್ರ ಪರವಾಗಿ ಮೇಷ್ಟ್ರೇ ಉತ್ತರ ಕೊಡುತ್ತಿದ್ದರು. ಒಂದು ಸಲ ನನಗೆ ಹೇಳಿದರು, "ಇವಳು ಇಷ್ಟೊಂದು ಮಾತಾಡ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣಯ್ಯ." ಹೇಳಿದ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡರು. ಒಂಟಿ ಮನುಷ್ಯ, ಏನೋ ಒಂದು ಆಸರೆ ಎಂದುಕೊಂಡೆ.

ಈಗ ಆ ಅಮಾವಾಸ್ಯೆಗೆ ಬರೋಣ. ಮೇಷ್ಟ್ರು ಹಲ್ವದ ಬಟ್ಟಲು ಹಿಡಿದು ನಿಂತಿದ್ದಾರೆ. ನಾದಿನಿ ಎಲೆಯ ಮುಂದೆ ಕೂತಿದ್ದಾರೆ.

"ನಮ್ಮಕ್ಕ ಯಾವತ್ತು ಕ್ಯಾರೆಟ್ ಹಲ್ವ ತಿಂದಿದ್ಳು ಭಾವ? ಮಾಡಿದ್ದೇ ನಾನು ನೋಡಿಲ್ಲ."

"ಮಾಡ್ತಿದ್ಳಲ್ಲಮ್ಮ. ಪ್ರಾಣ ಬಿಡ್ತಿದ್ಳು ಅದಕ್ಕೆ."

"ಏಲಕ್ಕಿ ಹಾಕಿದೀರಲ್ಲ ಇದಕ್ಕೆ. ಅವಳಿಗೆ ಏಲಕ್ಕಿ ವಾಸನೆ ಬಂದ್ರೆ ತಲೆ ಸಿಡೀತಿತ್ತು. ಪಾಯಸಕ್ಕೂ ಪಚ್ಚಕರ್ಪೂರ ಹಾಕೋಳು. ನಿಮಗೆ ಗೊತ್ತಿಲ್ವಾ?"

ಮೇಷ್ಟ್ರು ಮಗಳ ಮುಖ ನೋಡಿದರು. ಮಗಳು ಎಲೆಯ ಕಡೆ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ಎತ್ತದೆ ಹೇಳಿದಳು.

"ಅದು ಬ್ಲಾಗಲ್ಲಿ ಬಂದಿತ್ತಪ್ಪಾ. ಹೋದ ದೀಪಾವಳೀಲಿ. ಅಮ್ಮ ಅಲ್ಲ ಅದು."

ಗೋಡೆಗೆ ಒರಗಿದ್ದ ಫೋಟೋ ಕೂಡ ಕಂಪ್ಯೂಟರಿನಿಂದ ತೆಗೆಸಿದ್ದೇ, ಭುಜದ ಪಕ್ಕ ಬಿಳಿ ತೋಳು ಇದ್ದದ್ದು. ಮೇಷ್ಟ್ರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗನಂತೆ ಕೇಳಿದರು:

"ಮತ್ತೆ ಅವಳಿಗೆ ಏನಿಷ್ಟ ಇತ್ತು?"

"ಚಕ್ಕೋತ, ಭಾವ. ಉಪ್ಪು ಖಾರ ಹಾಕಿ. ನೀವೇ ತಂದ್ಕೊಡ್ತಿದ್ರಲ್ಲ."

ಅವರ ಬೆರಳುಗಳು ಬಟ್ಟಲಿನ ಅಂಚಿನ ಮೇಲೆ ಸುಮ್ಮನಿದ್ದವು. ನಾನು ಅವರನ್ನು ಬಲ್ಲ ಅಷ್ಟು ವರ್ಷಗಳಲ್ಲಿ ಆ ಬೆರಳು ಅಲುಗದೆ ಇದ್ದದ್ದನ್ನು ಆಗಲೇ ನೋಡಿದ್ದು.

ಹಲ್ವವನ್ನು ಒಳಗೆ ಇಟ್ಟು ಬಂದರು. ಹೊತ್ತು ಮೀರಿತ್ತು, ಚಕ್ಕೋತ ಹುಡುಕಿ ತರುವ ಹಾಗಿರಲಿಲ್ಲ. ಎಲೆಯಲ್ಲಿ ಬಟ್ಟಲಿಗೆಂದು ಬಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು. ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಪದ್ಧತಿಯಲ್ಲವೇ, ನಾವು ನಾಲ್ವರೂ ಜಗಲಿಯಲ್ಲಿ ನಿಂತೆವು. ಮೇಲೆ ಒಂದು ವಿಮಾನ ಚಕ್ರ ಬಿಚ್ಚಿಕೊಂಡು ಇಳಿಯುತ್ತಿತ್ತು. ಅದರ ಸದ್ದು ಅಡಗಿದ ಮೇಲೆ ಮೇಷ್ಟ್ರು ಬಾಗಿಲ ಕಡೆ ತಿರುಗದೆ ಹೇಳಿದರು, "ಯಾವಳನ್ನೋ ಕರೆದುಬಿಟ್ಟಿದ್ದೆ ಕಣಯ್ಯ, ಇವಳ ಎಲೆಗೆ."

ಆ ಸಾಯಂಕಾಲ ನಾದಿನಿಯನ್ನು ಊರಿಗೆ ಹೋಗಲು ಬಿಡಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳುತ್ತಲೇ ಹೋದರು. ಇನ್ನೇನಿಷ್ಟ ಇತ್ತು? ಯಾವ ಬಣ್ಣ? ಏನಕ್ಕೆ ಹೆದರೋಳು? ನಾದಿನಿ ನೆನಪಾದದ್ದನ್ನೆಲ್ಲ ಹೇಳಿದರು. ಚಿಕ್ಕಂದಿನಲ್ಲಿ ನಲ್ಲೂರಿನ ಹುಣಸೆ ತೋಪಿನಲ್ಲಿ ಲಂಗದ ತುಂಬ ಕಾಯಿ ಆರಿಸಿಕೊಂಡು, ಒಂದು ಕಲ್ಲಿನ ಮೇಲೆ ಉಪ್ಪಿನ ಜೊತೆ ಜಜ್ಜಿ ತಿಂದು, ಮೂರು ದಿನ ಹಲ್ಲು ಜುಮ್ಮೆಂದು ಊಟ ಬಿಟ್ಟಿದ್ದಳಂತೆ. ಹಲ್ಲಿ ಕಂಡರೆ ಹೆದರುತ್ತಿರಲಿಲ್ಲ, ಜಿರಳೆ ಕಂಡರೆ ಹೆದರುತ್ತಿದ್ದಳಂತೆ. ಮೇಷ್ಟ್ರು ಒಂದೊಂದಕ್ಕೂ "ಹೌದಾ" ಅನ್ನುತ್ತಿದ್ದರು. ಕೆಲವಕ್ಕೆ "ಹೌದೌದು, ಇದು ನಂಗೆ ಗೊತ್ತಿತ್ತು" ಎಂದು ಮುಂದಕ್ಕೆ ಬಾಗುತ್ತಿದ್ದರು. ಆದರೆ ಅದು ನಿಜಕ್ಕೂ ಗೊತ್ತಿದ್ದದ್ದೋ, ಎಲ್ಲೋ ಓದಿದ್ದೋ ಎಂಬ ಅನುಮಾನ ಅವರ ಕಣ್ಣಲ್ಲಿ ಹಾಗೇ ಇರುತ್ತಿತ್ತು. ಅದನ್ನು ನೋಡುವುದೇ ಕಷ್ಟವಾಗಿತ್ತು.

ಅದಾಗಿ ಕೆಲವು ದಿನಕ್ಕೆ ನನ್ನನ್ನು ಕರೆದರು. ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ಕೈಯ ಮೇಲೆ ಒಂದು ಟವೆಲ್ಲು ಹೊದ್ದುಕೊಂಡು, ತಾವೇ ಟೈಪ್ ಮಾಡತೊಡಗಿದರು. ಅರ್ಧಕ್ಕೆ ಬಂದಾಗ ಒಂದು ಅಕ್ಷರ ತಪ್ಪಿತು. ಕಂಪ್ಯೂಟರಿನಲ್ಲಿ ಒಂದು ಅಕ್ಷರವನ್ನಷ್ಟೇ ಅಳಿಸಬಹುದು. ಅವರು ಎಲ್ಲವನ್ನೂ ಅಳಿಸಿ ಮೊದಲಿಂದ ಶುರುಮಾಡಿದರು. ಮತ್ತೆ ತಪ್ಪಿತು. ಮತ್ತೆ ಅಳಿಸಿದರು. ಮುಗಿದ ಮೇಲೆ, "ಓದು, ತಪ್ಪಿದ್ರೆ ಹೇಳು" ಎಂದರು.

ತಾಲ್ಲೂಕು ಕಚೇರಿಯ ಕಾಗದದಂಥ ಇಂಗ್ಲಿಷ್. ಈ ಚಿತ್ರದಲ್ಲಿರುವವರು ನನ್ನ ಹೆಂಡತಿ. ಅವರು ತೀರಿಕೊಂಡಿದ್ದಾರೆ. ಇಲ್ಲಿ ಬರೆದಿರುವ ಯಾವುದನ್ನೂ ಅವರು ಬರೆದಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಕ್ಯಾರೆಟ್ ಹಲ್ವ ಮಾಡುತ್ತಿರಲಿಲ್ಲ. ಅವರಿಗೆ ಚಕ್ಕೋತದ ಹಣ್ಣು ಇಷ್ಟವಾಗಿತ್ತು. ಅವರ ಕುಕ್ಕರಿನ ಸೀಟಿ ಕೂಗುತ್ತಿರಲಿಲ್ಲ, ನಾನು ಅದನ್ನು ರಿಪೇರಿ ಮಾಡಿಸಲಿಲ್ಲ. ಇಷ್ಟೇ. ಕೆಳಗೆ ತಮ್ಮ ಹೆಸರು ಹಾಕಿದ್ದರು.

ತಪ್ಪಿರಲಿಲ್ಲ. ಅದನ್ನು ಹಾಕಿ, ಬರೆಯುವ ಯಂತ್ರವನ್ನು ನಿಲ್ಲಿಸಿದರು.

ಮನಸ್ಸು ಹಗುರವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಬೆಳಿಗ್ಗೆ ಎದ್ದು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ನನ್ನ ಹೆಂಡತಿ ಕಾಫಿ ಕೊಟ್ಟರೆ ಅದು ಆರುವವರೆಗೂ ಹಿಡಿದುಕೊಂಡೇ ಇರುತ್ತಿದ್ದರು. "ಈಗ ಬೆಳಿಗ್ಗೆ ಏನೂ ಕೇಳ್ಸಲ್ಲಪ್ಪ. ಅವಳ ದನಿ ನೆನಪು ಮಾಡ್ಕೊಳಕ್ಕೆ ಹೋದ್ರೆ ಅದು ನನ್ನ ದನೀಲಿ ಕೇಳ್ಸುತ್ತೆ" ಎಂದು ಒಂದು ದಿನ ಹೇಳಿದರು. ಇಷ್ಟು ವರ್ಷ ಅಮ್ಮಾವ್ರ ಮಾತನ್ನೆಲ್ಲ ಓದಿ ಹೇಳಿದ್ದು ಅವರೇ ಅಲ್ಲವೇ.

ಆ ಬೇಸಿಗೆಯಲ್ಲಿ ಮಲಗಿದವರು ಏಳಲಿಲ್ಲ. ಕೊನೆಗೆ ಮಾತು ನಿಂತಿತ್ತು, ಬೆರಳು ಮಾತ್ರ ಹೊದಿಕೆಯ ಮೇಲೆ ಆಡುತ್ತಿತ್ತು. ಏನು ಹೊಡೆಯುತ್ತಿದ್ದಾರೆಂದು ಶಿಷ್ಯನಾದ ನಾನು ಎಷ್ಟೋ ಹೊತ್ತು ನೋಡಿದೆ. ಅಕ್ಷರ ಕೂಡಲಿಲ್ಲ.

ಮುಂದಿನ ಮಹಾಲಯ ಅಮಾವಾಸ್ಯೆಗೆ ಅದೇ ನಡುಮನೆಯಲ್ಲಿ ಮಗಳು, ಅಳಿಯ, ನಾದಿನಿ, ನಾನು ಸೇರಿದೆವು. ಎಲೆ ಎರಡು ಹಾಕಿದ್ದೆವು. ಅಳಿಯ ಘಾಟಿಯ ಫೋಟೋವನ್ನು ಕತ್ತರಿಸದೆ ಇಡಿಯಾಗಿ ಕಟ್ಟು ಹಾಕಿಸಿ ತಂದಿದ್ದ. ನಾದಿನಿ ನಲ್ಲೂರಿನಿಂದ ಒಂದು ದೊಡ್ಡ ಚಕ್ಕೋತ ತಂದಿದ್ದರು.

ಬಡಿಸುತ್ತಿರುವಾಗ ಮಗಳು ಫೋನು ತೆಗೆದಳು. ಅಪ್ಪ ಬರೆದದ್ದನ್ನು ಈ ದಿನ ಓದಬೇಕೆಂದು ಆ ಬ್ಲಾಗಿನ ವಿಳಾಸ ಒತ್ತಿದಳು. ಬ್ಲಾಗು ನಡೆಯುತ್ತಿತ್ತು. ಅಮ್ಮನ ಮುಖ, ಭುಜದ ಪಕ್ಕ ಬಿಳಿ ತೋಳು, ಅವತ್ತಿನ ಬೆಳಗಿನ ಬರಹ. ಅಪ್ಪ ಕೈಯಾರೆ ಬರೆದ ಪುಟ ಮಾತ್ರ ಎಲ್ಲೂ ಇರಲಿಲ್ಲ.

ಅಳಿಯ ನೋಡಿ ಹೇಳಿದ. ಬ್ಲಾಗಿನ ವಿಳಾಸಕ್ಕೆ ವರ್ಷವರ್ಷ ಹಣ ಕಟ್ಟಬೇಕು. ಮಾವ ಹೋದ ಮೇಲೆ ಯಾರೂ ಕಟ್ಟಿಲ್ಲ. ಹಾಗೆ ಬಿಟ್ಟುಹೋದ ವಿಳಾಸಗಳನ್ನು ಹುಡುಕಿ ಕೊಳ್ಳುವವರಿರುತ್ತಾರೆ. ಯಾರೋ ಎಲ್ಲಿಯವರೋ ಕೊಂಡು, ಹಳೆಯ ಪುಟಗಳ ಪ್ರತಿ ಎತ್ತಿ ಹಾಕಿ, ಯಂತ್ರವನ್ನು ಮತ್ತೆ ಹೂಡಿದ್ದಾರೆ. ಅವರಿಗೆ ಇವರು ಯಾರೆಂದೇ ಗೊತ್ತಿರುವುದಿಲ್ಲ.

ಮಗಳು ಫೋನನ್ನು ಚಿಕ್ಕಮ್ಮನ ಮುಂದೆ ಹಿಡಿದಳು. ನಾದಿನಿ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದರು.

"ಏನು ಬರ್ದಿದಾಳಂತೆ?"

"ಮೊಮ್ಮಗನಿಗೆ ಕೇಕ್ ಮಾಡಿದ್ಳಂತೆ."

"ಇವಳು ಯಾರೋ ಬೇರೆಯವಳು ಕಣಮ್ಮ" ಎಂದು ನಾದಿನಿ ಫೋನು ವಾಪಸು ಕೊಟ್ಟು, ಚಕ್ಕೋತವನ್ನು ಮಡಿಲಿಗೆ ಎಳೆದುಕೊಂಡು ಬಿಡಿಸಲು ಕೂತರು. ತೊಳೆಗಳ ಮೇಲೆ ಉಪ್ಪು, ಖಾರದ ಪುಡಿ ಉದುರಿಸಿ ಎಲೆಯ ಮೇಲೆ ಇಟ್ಟರು. ನಾವು ಬಾಗಿಲು ಮುಚ್ಚಿಕೊಂಡು ಹೊರಗೆ ಬಂದು ನಿಂತೆವು.